ಓಡಿಸಿ ನೋಡುವುದೋ, ಒಳಗೆ ಇಣುಕುವುದೋ: ಹೃದಯದ ಸ್ಟ್ರೆಸ್ ಪರೀಕ್ಷೆಗಳಲ್ಲಿ ನಿಮಗೆ ಯಾವುದು?

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆಯ ಕೋಣೆಯಲ್ಲಿ 22 ವರ್ಷ ತಂತ್ರಜ್ಞನಾಗಿ ದುಡಿದೆ. ಬೆಳಿಗ್ಗೆ ಕುಂಬಳೆಯಲ್ಲಿ ರೈಲು ಹತ್ತಿದರೆ ಮರಳುವಾಗ ದೀಪ ಹಚ್ಚುವ ಹೊತ್ತಾಗುತ್ತಿತ್ತು. ನಿವೃತ್ತನಾದ ಮೇಲೂ ಆ ಕೋಣೆ ನನ್ನನ್ನು ಬಿಟ್ಟಿಲ್ಲ. ಬದಿಯಡ್ಕದಿಂದ, ಪೆರ್ಲದಿಂದ, ಮುಳ್ಳೇರಿಯದಿಂದ ಫೋನು ಬರುತ್ತಲೇ ಇರುತ್ತದೆ. "ಅಣ್ಣಾ, ಡಾಕ್ಟರು ಟಿಎಂಟಿ ಬರೆದಿದ್ದಾರೆ. ಅದಕ್ಕಿಂತ ಥಾಲಿಯಂ ಒಳ್ಳೆಯದಂತೆ, ಅದನ್ನೇ ಮಾಡಿಸಲೇ? ಅಥವಾ ನೇರ ಆಂಜಿಯೋಗ್ರಾಂ ಮಾಡಿಸಿಬಿಡಲೇ?"

ಥಾಲಿಯಂ ಎಂದರೆ ವಿಕಿರಣ ಸೂಸುವ ವಸ್ತು ಚುಚ್ಚಿ ಮಾಡುವ ನ್ಯೂಕ್ಲಿಯರ್ ಸ್ಕ್ಯಾನ್, ಆಂಜಿಯೋಗ್ರಾಂ ಎಂದರೆ ಹೃದಯದ ನಾಳಗಳ ಒಳಗಿನ ಚಿತ್ರ ತೆಗೆಯುವುದು. ಯಾರಿಗೆ ಒಳ್ಳೆಯದು, ಯಾವ ಸಂಶಯಕ್ಕೆ ಒಳ್ಳೆಯದು ಎಂದು ಗೊತ್ತಾಗದೆ ಈ ಪ್ರಶ್ನೆಗೆ ಉತ್ತರ ಕೊಡಲಾಗದು. ಹಾಗಾಗಿ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ನೋವು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ? ಮನೆಯಿಂದ ಮಾರ್ಗದವರೆಗಿನ ಏರು ಹತ್ತಲು ಮೊಣಕಾಲು ಒಪ್ಪುತ್ತದೆಯೇ? ಸುಮ್ಮನೆ ಮಲಗಿಸಿ ತೆಗೆದ ಇಸಿಜಿಯಲ್ಲಿ ಏನಿದೆ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ. ಬೆಲೆಪಟ್ಟಿ ನೋಡಿ ಆರಿಸಲು ಹೊರಟವರು ಒಂದೇ ಸಂಶಯಕ್ಕೆ ಎರಡೆರಡು ಸಲ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದ್ದನ್ನು ಕಂಡಿದ್ದೇನೆ.

ಮೊದಲು, ಯಾವ ಪರೀಕ್ಷೆಯನ್ನೂ ಆರಿಸಬಾರದ ಹೊತ್ತು

ಕುಳಿತಲ್ಲೇ ಎದೆ ಹಿಂಡುತ್ತಿದ್ದರೆ, ಮೈ ಬೆವರಿ ತಣ್ಣಗಾಗುತ್ತಿದ್ದರೆ, ನೋವು ಕೈಗೆ, ದವಡೆಗೆ, ಬೆನ್ನಿಗೆ ಹಬ್ಬುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ. ಮೊನ್ನೆಯವರೆಗೆ ಗುಡ್ಡ ಹತ್ತಿದಾಗ ಬರುತ್ತಿದ್ದ ನೋವು ಈಗ ಅಂಗಳ ದಾಟುವಾಗಲೇ ಬರುತ್ತಿದ್ದರೂ ಅಷ್ಟೇ. ಹತ್ತಿರದ ಆಸ್ಪತ್ರೆಗೆ ಹೋಗಿ. ಅಲ್ಲಿ ಬೇಕಾದದ್ದು ಇಸಿಜಿ ಮತ್ತು ಟ್ರೊಪೊನಿನ್ ಎಂಬ ರಕ್ತಪರೀಕ್ಷೆ. ಅಂಥ ಹೃದಯವನ್ನು ಓಡಿಸಿ ನೋಡುವುದು ಅಪಾಯ.

"ಹೋಗುವುದಾದರೆ ಮಂಗಳೂರಿಗೇ ಹೋಗೋಣ" ಎಂಬ ಹಟ ನಮ್ಮ ಕಡೆ ಬಲವಾಗಿದೆ. ಕಾಸರಗೋಡು ಪೇಟೆಯಿಂದ ಅದು ಸುಮಾರು 50 ಕಿಲೋಮೀಟರ್, ಒಳನಾಡಿನ ಎಣ್ಮಕಜೆ, ದೇಲಂಪಾಡಿಗಳಿಂದ ದಾರಿಯೂ ಸುಲಭದ್ದಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್‌ಗಾಗಿ ಗಡಿ ಮುಚ್ಚಿ ಆಂಬುಲೆನ್ಸುಗಳೇ ಹಿಂದಿರುಗಬೇಕಾಗಿ ಬಂದ ದಿನಗಳನ್ನು ನಾವ್ಯಾರೂ ಮರೆತಿಲ್ಲ. ಇಸಿಜಿ ತೆಗೆಯುವ ಅತಿ ಹತ್ತಿರದ ಜಾಗ ಯಾವುದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಮೊದಲು ಅಲ್ಲಿ, ಆಮೇಲೆ ಮಂಗಳೂರು.

ಇನ್ನು ಮುಂದೆ ಬರೆಯುವುದೆಲ್ಲ ಅವಸರವಿಲ್ಲದ ನೋವಿನ ಬಗ್ಗೆ: ತಿಂಗಳುಗಳಿಂದ ಒಂದೇ ರೀತಿಯಲ್ಲಿರುವ, ಶ್ರಮಪಟ್ಟಾಗ ಬಂದು ನಿಂತಾಗ ಇಳಿಯುವ ಎದೆ ಬಿಗಿತ ಅಥವಾ ಏದುಸಿರು.

ತೋಟದ ಪೈಪಿನ ಲೆಕ್ಕ

ಊರವರಿಗೆ ವಿವರಿಸುವಾಗ ಅಡಿಕೆ ತೋಟದ ಸ್ಪ್ರಿಂಕ್ಲರ್ ಪೈಪನ್ನೇ ನೆನಪಿಸುತ್ತಿದ್ದೆ. ಒಳಗೆ ಕೆಸರು ಕಟ್ಟಿ ಪೈಪು ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದರೂ ಒಂದೇ ಜೆಟ್ ಬಿಟ್ಟರೆ ನೀರು ಚೆನ್ನಾಗಿಯೇ ಹಾರುತ್ತದೆ. ಮಾರ್ಚ್ ಬಿಸಿಲಿನಲ್ಲಿ ಎಲ್ಲ ಜೆಟ್‌ಗಳನ್ನೂ ಒಟ್ಟಿಗೆ ಬಿಟ್ಟಾಗ ಕೊನೆಯ ಸಾಲಿನವು ತಲೆ ತಗ್ಗಿಸುತ್ತವೆ. ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳದ ಕಥೆಯೂ ಇದೇ. ಆರೋಗ್ಯದ ನಾಳ ಶ್ರಮದ ಹೊತ್ತಿಗೆ ರಕ್ತದ ಹರಿವನ್ನು ಮೂರರಿಂದ ಐದು ಪಟ್ಟು ಹೆಚ್ಚಿಸಿಕೊಳ್ಳಬಲ್ಲದು. ಶೇ. 70ರಷ್ಟು ಕಿರಿದಾದ ನಾಳದಲ್ಲಿ ಆ ಮೀಸಲು ತೀರಾ ಕಡಿಮೆ. ಹಾಗಿದ್ದರೂ ಕುಳಿತವನ ಹೃದಯಕ್ಕೆ ಅದು ಸಾಲುತ್ತದೆ. ವಿಶ್ರಾಂತಿಯಲ್ಲೇ ಹರಿವು ಕುಗ್ಗಬೇಕಾದರೆ ಅಡ್ಡಿ ಶೇ. 85ರಿಂದ 90ರ ತನಕ ಹೋಗಿರಬೇಕು. ಇಸಿಜಿ ಸರಿ, ಎಕೋ (ಹೃದಯದ ಅಲ್ಟ್ರಾಸೌಂಡ್) ಸರಿ, ಆದರೂ ಗುಡ್ಡ ಹತ್ತಿದಾಗ ಎದೆ ಬಿಗಿಯುತ್ತದೆ ಎಂಬವರ ಮಾತನ್ನು ಹಗುರವಾಗಿ ಕಾಣಬಾರದೆನ್ನುವುದು ಇದಕ್ಕೇ.

ಒತ್ತಡದಲ್ಲಿ ರಕ್ತ ಸಾಲದೆ ಬಂದಾಗ ಹೃದಯದಲ್ಲಿ ಕೆಲವು ಸಂಗತಿಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಮೊದಲಿಗೆ ಆ ಭಾಗದ ಸ್ನಾಯುವಿಗೆ ರಕ್ತ ಕಡಿಮೆಯಾಗುತ್ತದೆ. ಆಮೇಲೆ ಆ ಸ್ನಾಯು ಸಡಿಲಗೊಳ್ಳುವುದು ತಡವಾಗುತ್ತದೆ. ಮೂರನೆಯದಾಗಿ ಅದು ಹಿಂಡುವ ಬಲ ಕಳೆದುಕೊಳ್ಳುತ್ತದೆ. ನಾಲ್ಕನೆಯದಾಗಿ ಇಸಿಜಿಯ ಗೆರೆ ಕೆಳಗಿಳಿಯುತ್ತದೆ. ನೋವು ಬರುವುದು ಎಲ್ಲಕ್ಕಿಂತ ಕೊನೆಗೆ, ಸಕ್ಕರೆ ಕಾಯಿಲೆಯವರಲ್ಲಿ ಕೆಲವೊಮ್ಮೆ ಬರುವುದೇ ಇಲ್ಲ. ನ್ಯೂಕ್ಲಿಯರ್ ಸ್ಕ್ಯಾನ್ ಮತ್ತು ಸ್ಟ್ರೆಸ್ ಎಂಆರ್‌ಐ ಮೊದಲ ಮೆಟ್ಟಿಲಲ್ಲೇ ತೊಂದರೆಯನ್ನು ಹಿಡಿಯಲು ನೋಡುತ್ತವೆ. ಸ್ಟ್ರೆಸ್ ಎಕೋ ಮೂರನೆಯದರಲ್ಲಿ, ಬರಿಯ ಟಿಎಂಟಿ ನಾಲ್ಕನೆಯದರಲ್ಲಿ. ಸಿಟಿ ಆಂಜಿಯೋಗ್ರಾಂ ಈ ಸಾಲಿನಲ್ಲೇ ಬರುವುದಿಲ್ಲ. ಅದು ಪೈಪಿನೊಳಗೆ ಕೆಸರಿದೆಯೇ ಎಂದು ನೋಡುತ್ತದೆ. ಗಿಡಕ್ಕೆ ನೀರು ಮುಟ್ಟಿತೇ ಎಂಬುದು ಅದರ ಪ್ರಶ್ನೆಯಲ್ಲ.

ಟಿಎಂಟಿ: ಅಗ್ಗದ್ದೆಂದು ತಳ್ಳಿಹಾಕಬೇಡಿ

ಹೆಚ್ಚಿನ ಆಸ್ಪತ್ರೆಗಳಲ್ಲಿ ಅನುಸರಿಸುವುದು ಅಮೆರಿಕದ ಸಿಯಾಟಲ್‌ನ ವೈದ್ಯ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಕ್ರಮ. ಗಂಟೆಗೆ 2.7 ಕಿಲೋಮೀಟರ್ ವೇಗ, ಶೇ. 10ರ ಏರು, ಇದು ಮೊದಲ ಮೂರು ನಿಮಿಷ. ಮುಂದಿನ ಮೂರು ನಿಮಿಷ 4 ಕಿಲೋಮೀಟರ್ ವೇಗ, ಶೇ. 12ರ ಏರು. ಹೀಗೆ ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತಾ ಹೋಗುತ್ತವೆ. 220ರಿಂದ ವಯಸ್ಸು ಕಳೆದು ಉಳಿದದ್ದರ ಶೇ. 85ರಷ್ಟಾದರೂ ಹೃದಯದ ಬಡಿತ ಮುಟ್ಟಬೇಕು. 60 ವರ್ಷದವರಿಗೆ ಅದು ನಿಮಿಷಕ್ಕೆ 136. ಅಷ್ಟು ಮುಟ್ಟದೆ ನಿಲ್ಲಿಸಿದ ಪರೀಕ್ಷೆಯಲ್ಲಿ ದೋಷ ಕಾಣದಿದ್ದರೆ ಅದನ್ನು "ನಾರ್ಮಲ್" ಎಂದು ತಿಳಿಯಬಾರದು. ಅದು ಮುಗಿಯದ ಪರೀಕ್ಷೆ.

ಕಂಗಿನ ಮರ ಹತ್ತಿ ಕೊನೆ ಕೊಯ್ಯುವ ಒಬ್ಬರು ಒಮ್ಮೆ ಬಂದಿದ್ದರು. 54 ವರ್ಷ, ಮುಂಡು ಉಟ್ಟು, ಬರಿಗಾಲಿನಲ್ಲಿ. ಪ್ಯಾಂಟು ತೊಡಿಸಿ ಹತ್ತಿಸಿದೆವು. 12 ನಿಮಿಷ ನಡೆದರು, ಕೊನೆಯ ಏರಿನಲ್ಲಿಯೂ ನನ್ನೊಡನೆ ತುಳುವಿನಲ್ಲಿ ಮಾತಾಡುತ್ತಿದ್ದರು. ಇಸಿಜಿ ಗೆರೆ ಕದಲಲಿಲ್ಲ. ಅಷ್ಟು ಹೊತ್ತು ನಡೆದ ದೇಹವೇ ಅವರ ಮುಂದಿನ ವರ್ಷಗಳ ಬಗ್ಗೆ ಒಂದು ಒಳ್ಳೆಯ ಸಾಕ್ಷಿ. ಬ್ರೂಸ್ ಕ್ರಮದಲ್ಲಿ ಒಂಬತ್ತು ನಿಮಿಷ ನಡೆದರೆ ಸುಮಾರು 10 ಮೆಟ್ ಶ್ರಮವಾಗುತ್ತದೆ, ಅಂದರೆ ಸುಮ್ಮನೆ ಕುಳಿತವನಿಗೆ ಬೇಕಾದ ಆಮ್ಲಜನಕದ ಹತ್ತು ಪಟ್ಟು. ಗೆರೆ ಇಳಿಯದೆ ಅಷ್ಟು ಮಾಡಿದವರಿಗೆ ಹತ್ತಿರದ ವರ್ಷಗಳಲ್ಲಿ ಅಪಾಯ ಬಹಳ ಕಡಿಮೆ. ಔಷಧಿ ಚುಚ್ಚಿ ಮಲಗಿಸಿ ಮಾಡುವ ಎಷ್ಟು ದುಬಾರಿ ಸ್ಕ್ಯಾನಿಗೂ ಈ ಮಾಹಿತಿ ಸಿಗುವುದಿಲ್ಲ. ನಡೆಯಬಲ್ಲವರು ನಡೆದೇ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಇದನ್ನೆಲ್ಲ ಕೂಡಿಸುವ ಒಂದು ಸರಳ ಲೆಕ್ಕವಿದೆ, ಡ್ಯೂಕ್ ಸ್ಕೋರ್ ಎಂದು ಹೆಸರು. ನಡೆದ ನಿಮಿಷಗಳಿಂದ, ಗೆರೆ ಇಳಿದ ಮಿಲಿಮೀಟರನ್ನು 5ರಿಂದ ಗುಣಿಸಿ ಕಳೆಯುವುದು. ನೋವು ಬಂದಿದ್ದರೆ ಇನ್ನೊಂದು 4, ನೋವಿನಿಂದಲೇ ಪರೀಕ್ಷೆ ನಿಲ್ಲಿಸಿದ್ದರೆ 8 ಕಳೆಯುವುದು. ಉತ್ತರ 5 ಅಥವಾ ಹೆಚ್ಚು ಬಂದರೆ ಅಪಾಯ ಕಡಿಮೆ. ಸೊನ್ನೆಗಿಂತ 11 ಕೆಳಗೋ ಇನ್ನೂ ಕೆಳಗೋ ಹೋದರೆ ಹೆಚ್ಚು. ಒಂಬತ್ತು ನಿಮಿಷ ನಡೆದು ಏನೂ ಆಗದವರಿಗೆ 9. ಐದು ನಿಮಿಷ ನಡೆದು, ಎರಡು ಮಿಲಿಮೀಟರ್ ಇಳಿದು, ನೋವಿನಿಂದ ನಿಲ್ಲಿಸಿದವರಿಗೆ ಸೊನ್ನೆಗಿಂತ 13 ಕೆಳಗೆ. ಇಬ್ಬರಲ್ಲಿ ಎರಡನೆಯವರು ಇನ್ನೊಂದು ಸ್ಕ್ಯಾನಿಗಾಗಿ ವಾರಗಟ್ಟಲೆ ಕಾಯಬಾರದು.

ಆದರೆ ಟಿಎಂಟಿಗೆ ಬಾಗಿಲು ಮುಚ್ಚಿರುವ ಕೆಲವರಿದ್ದಾರೆ. ಇಸಿಜಿಯಲ್ಲಿ ಎಡ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಹೋಗುವ ದಾರಿಯಲ್ಲಿ ತಡೆ) ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಬಿಪಿಯಿಂದ ಹೃದಯದ ಗೋಡೆ ದಪ್ಪವಾಗಿ ಗೆರೆ ಮೊದಲೇ ಇಳಿದಿರುವವರು, ಡಿಜಾಕ್ಸಿನ್ ಮಾತ್ರೆ ನುಂಗುವವರು. ಇವರ ಇಸಿಜಿ ಓಡುವಾಗ ಹೇಳುವುದನ್ನು ನಂಬಲಾಗದು. ಹೆಂಗಸರಲ್ಲಿ ಸುಳ್ಳು ಪಾಸಿಟಿವ್, ಅಂದರೆ ಇಲ್ಲದ ಕಾಯಿಲೆಯನ್ನು ಇದೆಯೆಂದು ತೋರಿಸುವುದು ಹೆಚ್ಚು ಎಂಬುದೂ ಗೊತ್ತಿರಲಿ.

ಪಾಸಿಟಿವ್ ಎಂಬ ಮಾತಿನ ತೂಕ

ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ನಾಳದಲ್ಲಿ ನಿಜವಾಗಿ ಅಡ್ಡಿಯಿರುವ 100 ಮಂದಿಯಲ್ಲಿ ಸುಮಾರು 68 ಮಂದಿಯನ್ನು ಟಿಎಂಟಿ ಹಿಡಿಯುತ್ತದೆ. ಅಡ್ಡಿಯಿಲ್ಲದ 100 ಮಂದಿಯಲ್ಲಿ 77 ಮಂದಿಗೆ ಸರಿಯಾಗಿ "ಇಲ್ಲ" ಎನ್ನುತ್ತದೆ. ಈ ಎರಡು ಅಂಕಿಗಳಿಂದ ಒಂದು ಲೆಕ್ಕ ಹಾಕೋಣ.

ಎದೆಯಲ್ಲಿ ಸೂಜಿ ಚುಚ್ಚಿದಂತೆ ಎಂದು ಬಂದ, ಬಿಪಿ, ಸಕ್ಕರೆ, ಬೀಡಿ ಯಾವುದೂ ಇಲ್ಲದ 1,000 ಮಂದಿ. ಅವರಲ್ಲಿ 50 ಮಂದಿಗೆ ನಿಜವಾದ ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ಟಿಎಂಟಿ ಅವರಲ್ಲಿ 34 ಮಂದಿಯನ್ನು ಹಿಡಿಯುತ್ತದೆ. ಉಳಿದ 950 ಆರೋಗ್ಯವಂತರಲ್ಲಿಯೂ ಸುಮಾರು 219 ಮಂದಿಗೆ ಪಾಸಿಟಿವ್ ಎನ್ನುತ್ತದೆ. ಹೆದರಿ ಮನೆಗೆ ಹೋಗುವ 253 ಮಂದಿಯಲ್ಲಿ ಕಾಯಿಲೆ ಇರುವವರು 34! ಈಗ ಗುಂಪು ಬದಲಿಸಿ. 60 ದಾಟಿದ, ಸಕ್ಕರೆ ಇರುವ, ಏರಿನಲ್ಲಿ ಎದೆ ಬಿಗಿದು ನಿಂತರೆ ಇಳಿಯುವ 1,000 ಮಂದಿ. ಅವರಲ್ಲಿ ಅರ್ಧದಷ್ಟು, 500 ಮಂದಿಗೆ ಕಾಯಿಲೆ ಇದೆ ಎಂದುಕೊಂಡರೆ ಪಾಸಿಟಿವ್ ಬಂದ 455ರಲ್ಲಿ 340 ನಿಜ. ಆದರೆ ನೆಗೆಟಿವ್ ಬಂದ 545ರಲ್ಲಿ 160 ಮಂದಿಗೆ ಕಾಯಿಲೆ ಇದೆ. ಯಂತ್ರ ಅದೇ, ಕಾಗದ ಅದೇ. ಒಳಗೆ ಹೋದ ಮನುಷ್ಯ ಬೇರೆ.

ಆದ್ದರಿಂದ ಯಾವ ತೊಂದರೆಯೂ ಇಲ್ಲದವರು ಹಬ್ಬದ ಆಫರಿನಂತೆ ಬರುವ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಟಿಎಂಟಿ ಇದೆಯೆಂದು ಮಾಡಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಗಲ್ಫಿನಿಂದ ತಿಂಗಳ ರಜೆಯಲ್ಲಿ ಬಂದು ಎರಡು ದಿನದಲ್ಲಿ ಎಲ್ಲವನ್ನೂ ಮಾಡಿಸಿ ಹೋಗಬೇಕೆಂಬ ಹುಡುಗರು ಈ ಬಲೆಗೆ ಬೀಳುವುದು ಹೆಚ್ಚು. ಸುಳ್ಳು ಪಾಸಿಟಿವ್, ಅದರ ಹಿಂದೆ ಆಂಜಿಯೋಗ್ರಾಂ, ಅದರಲ್ಲಿ ಏನೂ ಇಲ್ಲ. ರಜೆಯೂ ಹೋಯಿತು, ದುಡಿದು ತಂದ ಹಣವೂ ಹೋಯಿತು. ಆ ಹಣದಲ್ಲಿ ಬಿಪಿ ಅಳೆಯುವ ಯಂತ್ರವೊಂದನ್ನು ಕೊಂಡು, ಸಕ್ಕರೆ ಮತ್ತು ಕೊಲೆಸ್ಟರಾಲ್ ನೋಡಿಸಿಕೊಂಡು, ಸಿಗರೇಟು ಬಿಡುವುದು ಎಷ್ಟೋ ಮೇಲು.

ಸ್ಟ್ರೆಸ್ ಎಕೋ

ನಡೆಸಿ ಅಥವಾ ಡೊಬುಟಮಿನ್ ಎಂಬ ಔಷಧಿಯನ್ನು ನಿಧಾನವಾಗಿ ಏರಿಸುತ್ತಾ ಕೊಟ್ಟು, ಹೃದಯ ಜೋರಾಗಿ ಬಡಿಯುವಾಗ ಅಲ್ಟ್ರಾಸೌಂಡಿನಲ್ಲಿ ಗೋಡೆಗಳ ಚಲನೆ ನೋಡುವುದು. ಯಾವ ಗೋಡೆ ಸೋತಿತೋ ಆ ಕಡೆಯ ನಾಳದ ಮೇಲೆ ಸಂಶಯ. ಟಿಎಂಟಿಗಿಂತ ಖಚಿತ: ಕಾಯಿಲೆ ಇರುವ 100ರಲ್ಲಿ 80ರಿಂದ 85ನ್ನು ಹಿಡಿಯುತ್ತದೆ, ಸುಳ್ಳು ಪಾಸಿಟಿವ್ ಕೂಡ ಕಡಿಮೆ. ವಿಕಿರಣವಿಲ್ಲ, ಮೂತ್ರಪಿಂಡಕ್ಕೆ ತೊಂದರೆಯಿಲ್ಲ, ಕವಾಟಗಳ ಸ್ಥಿತಿಯೂ ತಿಳಿಯುತ್ತದೆ. ಖರ್ಚು ನ್ಯೂಕ್ಲಿಯರ್ ಸ್ಕ್ಯಾನಿಗಿಂತ ಕಡಿಮೆ.

ಇಷ್ಟೆಲ್ಲ ಇದ್ದೂ ಇದು ಕಣ್ಣು ಮತ್ತು ಕೈ ಪಳಗಿದವರ ಪರೀಕ್ಷೆ. ಟ್ರೆಡ್‌ಮಿಲ್‌ನಿಂದ ಇಳಿಸಿ ಎಡಮಗ್ಗುಲಿಗೆ ಮಲಗಿಸಿ ಒಂದು ನಿಮಿಷದೊಳಗೆ ಎಲ್ಲ ಕೋನಗಳಿಂದ ಚಿತ್ರ ಹಿಡಿಯಬೇಕು. ತಡವಾದರೆ ಸೋತ ಗೋಡೆ ಚೇತರಿಸಿಕೊಂಡುಬಿಡುತ್ತದೆ. ಮೈ ದಪ್ಪವಿರುವವರಲ್ಲಿ, ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿ ಚಿತ್ರ ಮಬ್ಬು. ನೀವು ಹೋಗುವಲ್ಲಿ ಸ್ಟ್ರೆಸ್ ಎಕೋ ವಾರಕ್ಕೆ ಎಷ್ಟು ಮಾಡುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಅಪರೂಪಕ್ಕೊಂದು ಎಂದಾದರೆ ಬೇರೆ ಪರೀಕ್ಷೆಯೇ ಲೇಸು. ಪಳಗಿದ ಕೈ ಇದ್ದಲ್ಲಿ ಮಾತ್ರ ನನ್ನ ಮೊದಲ ಮತ ಇದಕ್ಕೇ.

ಊರವರ ಬಾಯಲ್ಲಿ ಇನ್ನೂ "ಥಾಲಿಯಂ"

ನ್ಯೂಕ್ಲಿಯರ್ ಸ್ಕ್ಯಾನಿಗೆ ಈಗ ಬಹುಮಟ್ಟಿಗೆ ಬಳಸುವುದು ಟೆಕ್ನೀಶಿಯಂ-99ಎಂ ಎಂಬ ವಿಕಿರಣ ವಸ್ತು, ಆದರೂ ಹೆಸರು ಥಾಲಿಯಂ ಎಂದೇ ಉಳಿದಿದೆ. ರಕ್ತಕ್ಕೆ ಚುಚ್ಚಿದ ವಸ್ತು ಹೃದಯದ ಸ್ನಾಯುವಿನಲ್ಲಿ ರಕ್ತ ಹರಿದಷ್ಟೇ ಸೇರಿಕೊಳ್ಳುತ್ತದೆ. ಅದರ ಬೆಳಕನ್ನು ಕ್ಯಾಮೆರಾ ಹಿಡಿಯುತ್ತದೆ. ಒತ್ತಡದಲ್ಲಿ ಒಂದು ಚಿತ್ರ, ವಿಶ್ರಾಂತಿಯಲ್ಲಿ ಒಂದು. ಒತ್ತಡದ ಚಿತ್ರದಲ್ಲಿ ಮಾತ್ರ ಕಪ್ಪು ಕಂಡರೆ ಅಲ್ಲಿ ರಕ್ತ ಸಾಲುತ್ತಿಲ್ಲ. ಎರಡರಲ್ಲಿಯೂ ಕಪ್ಪಿದ್ದರೆ ಹಳೆಯ ಹೃದಯಾಘಾತದ ಕಲೆ. ಎಷ್ಟು ಭಾಗಕ್ಕೆ ರಕ್ತ ಸಾಲುತ್ತಿಲ್ಲ ಎಂಬುದನ್ನು ಅಳತೆ ಮಾಡಿ ಹೇಳುವುದು ಇದರ ದೊಡ್ಡ ಗುಣ: ಹೃದಯದ ಶೇ. 10ಕ್ಕಿಂತ ಹೆಚ್ಚು ಎಂದಾದರೆ ಅಪಾಯದ ಗುಂಪು.

ನಡೆಯಲಾಗದವರಿಗೆ ಅಡೆನೋಸಿನ್ ಅಥವಾ ಅದೇ ಜಾತಿಯ ಔಷಧಿ ಕೊಟ್ಟು ನಾಳಗಳನ್ನು ಹಿಗ್ಗಿಸಿ ಪರೀಕ್ಷೆ ಮಾಡುತ್ತಾರೆ. ಎಡ ಬಂಡಲ್ ಬ್ಲಾಕ್ ಇದ್ದವರಿಗೂ ಇದೇ ದಾರಿ ಸರಿ, ಏಕೆಂದರೆ ಓಡಿಸಿ ತೆಗೆದ ಚಿತ್ರದಲ್ಲಿ ಅವರ ನಡುಗೋಡೆಯಲ್ಲಿ ಇಲ್ಲದ ದೋಷ ಕಾಣಿಸಿಕೊಳ್ಳುತ್ತದೆ. ಉಬ್ಬಸ ಜೋರಾಗಿರುವವರಿಗೆ ಅಡೆನೋಸಿನ್ ಬೇಡ, ಅವರಿಗೆ ಡೊಬುಟಮಿನ್.

ಇದರ ದೋಷಗಳನ್ನೂ ಹೇಳಬೇಕು. ಟೆಕ್ನೀಶಿಯಂನಿಂದ ಮಾಡಿದರೆ ವಿಕಿರಣ ಸುಮಾರು 10 ಮಿಲಿಸೀವರ್ಟ್. ಭೂಮಿಯ ಮೇಲೆ ಬದುಕಿದ್ದಕ್ಕೇ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಸಿಗುತ್ತದೆ, ಹಾಗಾಗಿ ಇದು ನಾಲ್ಕು ವರ್ಷದ ಪಾಲು. 65ರ ಅಜ್ಜಿಗೆ ಅದು ಚಿಂತೆಯ ವಿಷಯವಲ್ಲ, 35ರ ಮಗಳಿಗೆ ಯೋಚಿಸಿ ಮಾಡಬೇಕಾದದ್ದು, ಬಸುರಿಯರಿಗೆ ಬೇಡವೇ ಬೇಡ. ಮೂರೂ ನಾಳಗಳು ಒಂದೇ ಸಮನಾಗಿ ಮುಚ್ಚಿದ್ದರೆ ಹೃದಯದ ಎಲ್ಲ ಭಾಗವೂ ಒಂದೇ ಮಟ್ಟಕ್ಕೆ ಮಂಕಾಗಿ, ಹೋಲಿಸಲು ಒಳ್ಳೆಯ ಭಾಗವೇ ಉಳಿಯದೆ ಚಿತ್ರ ಸರಿಯಿದ್ದಂತೆ ಕಾಣಬಹುದು. ಅಪರೂಪ, ಆದರೆ ನಾನು ಕಂಡಿದ್ದೇನೆ. ಆಗ ನಡೆಯುವಾಗ ಬಿಪಿ ಇಳಿದದ್ದೇ ಸುಳಿವು ಕೊಟ್ಟಿತು. ಇನ್ನೊಂದು ಮಾತು, ನಮ್ಮ ಜಿಲ್ಲೆಯವರಿಗೆಂದೇ: ಈ ಸ್ಕ್ಯಾನಾದ ಮರುದಿನ ಗಲ್ಫಿಗೆ ವಿಮಾನವಿದ್ದರೆ ಆಸ್ಪತ್ರೆಯಿಂದ ಒಂದು ಪತ್ರ ಬರೆಸಿಕೊಳ್ಳಿ. ನಿಲ್ದಾಣಗಳ ವಿಕಿರಣ ಪತ್ತೆ ಯಂತ್ರ ನಿಮ್ಮ ಮೈಯನ್ನು ಕಂಡು ಕೂಗಬಹುದು.

ಸ್ಟ್ರೆಸ್ ಎಂಆರ್‌ಐ ಮತ್ತು ಪೆಟ್ ಸ್ಕ್ಯಾನ್ ಇವೆರಡೂ ಇನ್ನೂ ಸೂಕ್ಷ್ಮ. ಎಂಆರ್‌ಐಯಲ್ಲಿ ವಿಕಿರಣವೂ ಇಲ್ಲ. ಆದರೆ ಹೃದಯಕ್ಕಾಗಿ ಇವನ್ನು ದಿನನಿತ್ಯ ಮಾಡುವ ಜಾಗಗಳು ಕಡಿಮೆ, ಖರ್ಚು ಹೆಚ್ಚು. ಬೇರೆ ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ವೈದ್ಯರೇ ಹೇಳಿದರೆ ಹೋಗಿ.

ಸಿಟಿ ಆಂಜಿಯೋಗ್ರಾಂ: ಒಳಗೆ ಇಣುಕುವ ದಾರಿ

ಇಲ್ಲಿ ಒತ್ತಡವಿಲ್ಲ. ನಾಳಗಳು ಎದ್ದು ಕಾಣುವಂತೆ ಮಾಡುವ ಡೈಯನ್ನು ಕೈಯ ನರಕ್ಕೆ ಚುಚ್ಚಿ, ಬಡಿತವನ್ನು 60ರ ಸುಮಾರಿಗೆ ಇಳಿಸಿ, ಕೆಲವೇ ಸೆಕೆಂಡಿನಲ್ಲಿ ನಾಳಗಳ ಚಿತ್ರ. ಸ್ವಚ್ಛವಾಗಿದೆ ಎಂದು ಬಂದರೆ ಆ ಮಾತನ್ನು ಬಲವಾಗಿ ನಂಬಬಹುದು. ನಾಳದ ಅಡ್ಡಿಯನ್ನು ತಳ್ಳಿಹಾಕುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ಹರಿವಿಗೆ ಇನ್ನೂ ಅಡ್ಡಿಯಾಗದ ಸಣ್ಣ ಕೊಬ್ಬಿನ ಗಂಟುಗಳನ್ನೂ ಇದು ತೋರಿಸುತ್ತದೆ. ಸ್ಟ್ರೆಸ್ ಪರೀಕ್ಷೆಗಳಿಗೆ ಅವು ಕಾಣುವುದೇ ಇಲ್ಲ, ಹೃದಯಾಘಾತವಾದರೋ ಎಷ್ಟೋ ಸಲ ಅಂಥ ಗಂಟು ಒಡೆದೇ ಆಗುವುದು. ಸ್ಕಾಟ್ಲೆಂಡಿನ 4,146 ಮಂದಿಯ ಮೇಲೆ ನಡೆದ, 2018ರಲ್ಲಿ ಐದು ವರ್ಷದ ಫಲ ಪ್ರಕಟವಾದ ಅಧ್ಯಯನದಲ್ಲಿ ಸಾಮಾನ್ಯ ತಪಾಸಣೆಯ ಜೊತೆ ಸಿಟಿ ಮಾಡಿಸಿದವರಲ್ಲಿ ಹೃದ್ರೋಗದ ಸಾವು ಮತ್ತು ಹೃದಯಾಘಾತ ಶೇ. 2.3, ಮಾಡಿಸದವರಲ್ಲಿ 3.9. ಗಂಟು ಕಂಡವರಿಗೆ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಸಕಾಲಕ್ಕೆ ಶುರುವಾದದ್ದು ಇದಕ್ಕೆ ಮುಖ್ಯ ಕಾರಣವೆಂದು ನಂಬಲಾಗಿದೆ. ಹಾಗೆಂದು ಸಿಟಿಯೇ ಎಲ್ಲರಿಗೂ ಮೇಲು ಎನ್ನಲಾಗದು. 2015ರಲ್ಲಿ ಪ್ರಕಟವಾದ, 10,003 ಮಂದಿಯ ಅಮೆರಿಕದ ಅಧ್ಯಯನ ಸಿಟಿಯನ್ನೂ ಸ್ಟ್ರೆಸ್ ಪರೀಕ್ಷೆಗಳನ್ನೂ ನೇರವಾಗಿ ಹೋಲಿಸಿತು. ಎರಡು ವರ್ಷದಲ್ಲಿ ರೋಗಿಗಳ ಗತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಳೆಯ ಸುಣ್ಣ ಕಟ್ಟಿದ ನಾಳ ಸಿಟಿಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಮುಚ್ಚಿದಂತೆ ಕಾಣುತ್ತದೆ. ಸ್ಟೆಂಟ್ ಮೂರು ಮಿಲಿಮೀಟರಿಗಿಂತ ಸಣ್ಣದಿದ್ದರೆ ಅದರ ಒಳಗು ತಿಳಿಯುವುದು ಕಷ್ಟ. ಮೂತ್ರಪಿಂಡ ಸೋತು ರಕ್ತದಲ್ಲಿ ಕ್ರಿಯಾಟಿನಿನ್ ಏರಿದವರಿಗೆ ಡೈ ತೊಂದರೆ ಕೊಡಬಹುದು. ಬಡಿತ ತಾಳ ತಪ್ಪಿದವರಲ್ಲಿ ಚಿತ್ರ ಕದಡುತ್ತದೆ.

ನಮ್ಮ ಮನೆಗಳಲ್ಲಿ ಯಾರಿಗೆ ಯಾವುದು

ನೆರೆಮನೆಯ ಅಕ್ಕ, 40ರ ಆಸುಪಾಸು, ಬೀಡಿ ಕಟ್ಟುವ ಕೆಲಸ. ಎಡ ಎದೆಯಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು, ಒತ್ತಿದರೆ ಹೆಚ್ಚು, ನಡೆದರೆ ಏನೂ ಇಲ್ಲ. ಬಿಪಿ, ಸಕ್ಕರೆ ಇಲ್ಲ. ಅವರಿಗೆ ಯಾವ ಸ್ಕ್ಯಾನೂ ಬೇಡ. ವೈದ್ಯರು ಒಮ್ಮೆ ನೋಡಿ, ಇಸಿಜಿ ತೆಗೆದು ಧೈರ್ಯ ಹೇಳಿದರೆ ಸಾಕು.

ನನ್ನ ಭಾವ, 58 ವರ್ಷ, ಬಾಯಾರಿನ ಕಡೆಯ ಕೃಷಿಕರು. ತೋಟದಿಂದ ಮನೆಗೆ ಹತ್ತುವಾಗ ಎದೆ ಹಿಡಿಯುತ್ತಿತ್ತು, ಮೆಟ್ಟಿಲಲ್ಲಿ ಕುಳಿತರೆ ಐದು ನಿಮಿಷದಲ್ಲಿ ಸರಿ. "ಗ್ಯಾಸ್" ಎಂದು ಜೀರಿಗೆ ಕಷಾಯ ಕುಡಿಯುತ್ತಾ ಮೂರು ತಿಂಗಳು ಕಳೆದಿದ್ದರು. ನಡೆಯಬಲ್ಲರು, ಇಸಿಜಿ ಸರಿ, ಮೂತ್ರಪಿಂಡ ಸರಿ. ಇಂಥವರಿಗೆ ನಡೆಸಿ ಮಾಡುವ ಸ್ಟ್ರೆಸ್ ಎಕೋ ಅಥವಾ ಸಿಟಿ, ಎರಡೂ ಒಪ್ಪುತ್ತವೆ. ಲಕ್ಷಣ ಇಷ್ಟು ಸ್ಪಷ್ಟವಿದ್ದಾಗ ಬರಿಯ ಟಿಎಂಟಿ ನೆಗೆಟಿವ್ ಬಂದರೆ ಅದನ್ನು ನಂಬಿ ಕೂರುವಂತಿಲ್ಲ. ಮೇಲಿನ 160 ಮಂದಿಯನ್ನು ನೆನಪಿಸಿಕೊಳ್ಳಿ. ಭಾವನಿಗೆ ಸ್ಟ್ರೆಸ್ ಎಕೋ ಮಾಡಿಸಿದೆವು. ಮುಂಗೋಡೆ ಸೋತಿತು.

ಅತ್ತೆ, 67 ವರ್ಷ, ಇಪ್ಪತ್ತು ವರ್ಷದ ಸಕ್ಕರೆ, ಎರಡೂ ಮೊಣಕಾಲು ಸವೆದಿವೆ. ನೋವಿಲ್ಲ, ಏದುಸಿರು ಮಾತ್ರ. ಟ್ರೆಡ್‌ಮಿಲ್ ಹತ್ತಿಸಿದರೆ ಎರಡು ನಿಮಿಷಕ್ಕೆ ನಿಲ್ಲುತ್ತಾರೆ, ಹಣ ದಂಡ. ಔಷಧಿ ಕೊಟ್ಟು ಮಾಡುವ ನ್ಯೂಕ್ಲಿಯರ್ ಸ್ಕ್ಯಾನ್ ಅಥವಾ ಡೊಬುಟಮಿನ್ ಎಕೋ ಸರಿ. ಕ್ರಿಯಾಟಿನಿನ್ ಏರಿದ್ದರೆ ಸಿಟಿಯ ಡೈ ಬೇಡ. ನ್ಯೂಕ್ಲಿಯರ್ ಸ್ಕ್ಯಾನಿನಲ್ಲಿ ಚುಚ್ಚುವ ವಸ್ತು ಮೂತ್ರಪಿಂಡಕ್ಕೆ ಭಾರವಾಗುವುದಿಲ್ಲ.

ಮೊದಲೇ ಸ್ಟೆಂಟ್ ಹಾಕಿಸಿದವರು, ಬೈಪಾಸ್ ಆದವರು ಮತ್ತೆ ಎದೆ ಬಿಗಿತ ಎಂದರೆ ಚಿತ್ರವಿರುವ ಸ್ಟ್ರೆಸ್ ಪರೀಕ್ಷೆಯೇ ಉಪಯೋಗ. ಅವರ ನಾಳದಲ್ಲಿ ಕಾಯಿಲೆ ಇದೆಯೆಂದು ಗೊತ್ತೇ ಇದೆ. ಈಗ ಯಾವ ಭಾಗಕ್ಕೆ ರಕ್ತ ಸಾಲುತ್ತಿಲ್ಲ ಎಂಬುದು ತಿಳಿಯಬೇಕು. ನೇರ ಆಂಜಿಯೋಗ್ರಾಂ, ಅಂದರೆ ಕೈಯಿಂದಲೋ ತೊಡೆಯಿಂದಲೋ ತೂರುನಳಿಗೆ ತೂರಿಸುವುದು, ಔಷಧಿಗೂ ಬಗ್ಗದ ನೋವಿದ್ದವರಿಗೆ ಅಥವಾ ಪರೀಕ್ಷೆಯಲ್ಲಿ ಹೆಚ್ಚಿನ ಅಪಾಯ ಕಂಡವರಿಗೆ. "ಹೇಗೂ ಮಾಡಬೇಕಲ್ಲ" ಎಂದು ಅಲ್ಲಿಂದಲೇ ಶುರುಮಾಡುವುದು ಸರಿಯಲ್ಲ.

ಮಂಗಳೂರು ಸೆಂಟ್ರಲ್‌ನ ಒಂದು ಲೋಟ ಚಹಾ

ಎಷ್ಟು ಮಂದಿಯನ್ನು ಹೀಗೆ ಹಿಂದೆ ಕಳುಹಿಸಬೇಕಾಯಿತೋ! ಖಾಲಿಹೊಟ್ಟೆಯಲ್ಲಿ ಬರಲು ಹೇಳಿರುತ್ತಾರೆ, ರೈಲಿಳಿದಾಗ ತಲೆ ಸುತ್ತುತ್ತದೆ, "ಒಂದು ಚಹಾ ಅಷ್ಟೇ" ಎಂದು ಕುಡಿದಿರುತ್ತಾರೆ. ಚಹಾ, ಕಾಫಿ, ಕೋಲಾ, ಚಾಕೊಲೇಟಿನಲ್ಲಿರುವ ಕೆಫೀನ್ ಅಡೆನೋಸಿನ್ ಕೆಲಸವನ್ನು ತಡೆಯುತ್ತದೆ. ನಾಳ ಹಿಗ್ಗುವುದಿಲ್ಲ, ಇರುವ ಅಡ್ಡಿ ಮುಚ್ಚಿಹೋಗುತ್ತದೆ. ಕನಿಷ್ಠ 12 ಗಂಟೆ, ಸಾಧ್ಯವಾದರೆ 24 ಗಂಟೆ ಇವು ಬೇಡ. ಉಬ್ಬಸಕ್ಕೆ ನುಂಗುವ ಡೆರಿಫಿಲಿನ್ ಮಾತ್ರೆಯೂ ಇದೇ ಕೆಲಸ ಮಾಡುತ್ತದೆ, ಮೊದಲೇ ತಿಳಿಸಿ. ಬಡಿತ ಇಳಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನು ಟಿಎಂಟಿಗೆ ಅಥವಾ ಡೊಬುಟಮಿನ್ ಎಕೋಗೆ ಮುನ್ನ ನಿಲ್ಲಿಸಬೇಕೇ ಎಂದು ವೈದ್ಯರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಸಿಟಿಗಾದರೆ ಅದೇ ಮಾತ್ರೆ ಬೇಕಾಗುತ್ತದೆ!

ಹೆಂಗಸರು ಸೀರೆಯ ಬದಲು ಚೂಡಿದಾರ ತೊಟ್ಟು ಬಂದರೆ ಅನುಕೂಲ. ಗಂಡಸರ ಎದೆಯ ಕೂದಲನ್ನು ಅಲ್ಲಲ್ಲಿ ತೆಗೆಯುತ್ತಾರೆ, ಮುಜುಗರ ಬೇಡ. ನೋವನ್ನು ವಿವರಿಸುವಾಗ ತಿಳಿಯದ ಇಂಗ್ಲಿಷ್ ಪದಕ್ಕೆ ಕೈಹಾಕದೆ ಕನ್ನಡವೋ ತುಳುವೋ ಮಲಯಾಳವೋ, ಮನೆಮಾತಿನಲ್ಲೇ ಹೇಳಿ. "ಗ್ಯಾಸ್ಟ್ರಿಕ್" ಎಂದು ನೀವೇ ಹೆಸರಿಟ್ಟುಬಿಟ್ಟರೆ ಕೇಳುವವರ ಕಿವಿ ಅರ್ಧ ಮುಚ್ಚುತ್ತದೆ. ಎದೆ ಹಿಂಡಿತೇ, ಉರಿಯಿತೇ, ಕಲ್ಲು ಹೇರಿದಂತಾಯಿತೇ, ಎಷ್ಟು ಏರಿದಾಗ, ಎಷ್ಟು ನಿಮಿಷ ಎಂದಷ್ಟೇ ಹೇಳಿ.

ಪರೀಕ್ಷೆಯೇ ಅಪಾಯವೆಂದು ಹೆದರುವವರಿಗೆ: ಟಿಎಂಟಿಯಲ್ಲಿ ಹೃದಯಾಘಾತ ಅಥವಾ ಸಾವು ಸುಮಾರು 2,500 ಪರೀಕ್ಷೆಗೆ ಒಂದು ಅಥವಾ ಅದಕ್ಕಿಂತ ಕಡಿಮೆ. ವೈದ್ಯರು ಕೋಣೆಯಲ್ಲೇ ಇದ್ದಾರೆಯೇ ಎಂದು ನೋಡಿಕೊಳ್ಳಿ.

ಕಾಗದ ಕೈಗೆ ಬಂದ ಮೇಲೆ

ಭಾವನ ವರದಿ ಕಂಡಾಗ ನನ್ನ ಅಕ್ಕ ಅಳತೊಡಗಿದಳು. ನಾಳೆಯೇ ಸ್ಟೆಂಟ್ ಎಂದು ಮಕ್ಕಳು ಹಣದ ಲೆಕ್ಕ ಹಾಕತೊಡಗಿದರು. ನಾನು ಅವರಿಗೆ 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಎಂಬ ಅಧ್ಯಯನದ ಬಗ್ಗೆ ಹೇಳಿದೆ. ಭಾರತವೂ ಸೇರಿ 37 ದೇಶಗಳ 5,179 ಮಂದಿ, ಎಲ್ಲರಿಗೂ ಸ್ಟ್ರೆಸ್ ಪರೀಕ್ಷೆಯಲ್ಲಿ ಮಧ್ಯಮ ಅಥವಾ ತೀವ್ರ ದೋಷ. ಅರ್ಧದಷ್ಟು ಮಂದಿಗೆ ಔಷಧಿಯ ಜೊತೆ ಕೂಡಲೇ ಆಂಜಿಯೋಗ್ರಾಂ, ಬೇಕಾದರೆ ಸ್ಟೆಂಟ್ ಅಥವಾ ಬೈಪಾಸ್. ಉಳಿದವರಿಗೆ ಮೊದಲು ಔಷಧಿ ಮಾತ್ರ. ಮೂರು ವರ್ಷಕ್ಕಿಂತ ಹೆಚ್ಚು ಕಾಲ ನೋಡಿದರೂ ಸಾವು, ಹೃದಯಾಘಾತಗಳ ಒಟ್ಟು ಲೆಕ್ಕದಲ್ಲಿ ಸ್ಟೆಂಟಿನ ಗುಂಪಿಗೆ ಲಾಭ ಕಾಣಲಿಲ್ಲ. ಆಗಾಗ ಎದೆನೋವು ಬರುತ್ತಿದ್ದವರಿಗೆ ನೋವು ಮಾತ್ರ ಚೆನ್ನಾಗಿ ಕಡಿಮೆಯಾಯಿತು. ಹೃದಯದ ಎಡಭಾಗಕ್ಕೆ ರಕ್ತ ಒಯ್ಯುವ ಎಡದ ಮೂಲನಾಳದಲ್ಲಿ ದೊಡ್ಡ ಅಡ್ಡಿ ಇದ್ದವರನ್ನು, ಹೃದಯದ ಬಲ ತೀರಾ ಕುಗ್ಗಿದವರನ್ನು, ಔಷಧಿ ತೆಗೆದುಕೊಂಡೂ ನೋವು ತಾಳಲಾರದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ. ಅವರ ದಾರಿ ಬೇರೆ.

ಹಾಗಾಗಿ ಪರೀಕ್ಷೆಗೆ ಮುನ್ನವೇ ವೈದ್ಯರಲ್ಲಿ ಕೇಳಬೇಕಾದದ್ದು: "ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ?" ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆಗೆ ಹಣ ಹಾಕಬೇಕಾಗಿಲ್ಲ. ಭಾವನ ವೈದ್ಯರು ಈ ಪ್ರಶ್ನೆಗೆ ಬೇಸರಿಸಲಿಲ್ಲ, ಕುಳಿತು ವಿವರಿಸಿದರು. ಸಿಟಿಯಲ್ಲಿ ಎಡದ ಮೂಲನಾಳ ಸರಿಯಿದೆಯೆಂದು ಖಚಿತಪಡಿಸಿಕೊಂಡು ಆಸ್ಪಿರಿನ್, ಸ್ಟಾಟಿನ್, ಬಡಿತ ಇಳಿಸುವ ಮಾತ್ರೆ ಶುರುಮಾಡಿದರು. ಈಗ ಅವರು ತೋಟದಿಂದ ಮನೆಗೆ ಒಂದೇ ಉಸಿರಿನಲ್ಲಿ ಅಲ್ಲ, ನಡುವೆ ಒಮ್ಮೆ ನಿಂತು ಬರುತ್ತಾರೆ. ನೋವಿಲ್ಲ. ಹೆಚ್ಚಾದರೆ ಸ್ಟೆಂಟ್ ಎಂದು ಮಾತಾಗಿದೆ.

ಚಿತ್ರಗಳ ಸಿಡಿ ಕೇಳಿ ಪಡೆಯಿರಿ, ವರದಿಯ ಕಾಗದ ಮಾತ್ರ ಸಾಲದು. ಟಿಎಂಟಿಯ ಗೆರೆಗಳು ಶಾಖದ ಕಾಗದದಲ್ಲಿದ್ದರೆ ಮಳೆಗಾಲ ಒಂದೆರಡು ಕಳೆಯುವಷ್ಟರಲ್ಲಿ ಮಾಸುತ್ತವೆ. ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಮುಂದೆ ಎಂದಾದರೂ ರಾತ್ರಿ ಹೊತ್ತು ಬೇರೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ, ಅಲ್ಲಿನ ವೈದ್ಯರು ಮೊದಲು ಕೇಳುವುದು ಹಳೆಯ ಇಸಿಜಿಯನ್ನು.